ಬಿಚ್ಚಿದರಷ್ಟೇ ಬೆಲೆ: ರಿವರ್ಸ್ ಅಕ್ಕನ ಶೆಡ್ಡಿನಲ್ಲಿ ಒಂದು ಬೆಳಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಕಾರು ಕಬ್ಬಿಣದ ಕಾಲುಗಳ ಮೇಲೆ ನಿಂತಿದೆ. ಅದರ ಅಡಿಯಿಂದ ಎರಡು ರಬ್ಬರ್ ಚಪ್ಪಲಿಗಳು ಹೊರಗೆ ಚಾಚಿವೆ, ಅವುಗಳ ಹಿಂದೆ ಗ್ರೀಸು ಮೆತ್ತಿದ ಗಂಡಸಿನ ಪ್ಯಾಂಟು. ಒಳಗಿರುವುದು ಮಾತ್ರ ಹೆಂಗಸು. ಸ್ಪ್ಯಾನರ್ ಜಾರಿ ಗೆಣ್ಣು ಕಬ್ಬಿಣಕ್ಕೆ ಬಡಿಯುತ್ತದೆ. ಆಕೆ ಬೈಯುವುದು ಬೋಲ್ಟನ್ನಲ್ಲ, ಬಿಗಿದವನನ್ನು.

“ಬೋಲ್ಟ್ ಬಿಗಿದನೋ, ಹಗೆ ತೀರಿಸ್ಕೊಂಡನೋ ಪುಣ್ಯಾತ್ಮ!”

ಬಿಗಿದವನು ಯಾರೆಂದು ಆಕೆಗೆ ಚೆನ್ನಾಗಿ ಗೊತ್ತು. ಆತ ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಕೂತಿದ್ದಾನೆ. ಆಕೆಯ ಗಂಡ.

“ಕೇಳಿಸ್ತು,” ಎನ್ನುತ್ತಾನೆ ಕಿಟಕಿಯಿಂದ.

“ಕೇಳಿಸ್ಲಿ ಅಂತಲೇ ಅಂದಿದ್ದು,” ಎನ್ನುತ್ತಾಳೆ ಈಕೆ ಕಾರಿನ ಅಡಿಯಿಂದ.

ಈ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ರಿವರ್ಸ್ ಅಕ್ಕ ಎಂದು. ಬೇರೆ ಶೆಡ್ಡುಗಳಲ್ಲಿ ಕಾರಿಗೆ ಏನೇನೋ ಸೇರಿಸುತ್ತಾರೆ. ಅಕ್ಕನ ಶೆಡ್ಡಿನಲ್ಲಿ ಸೇರಿಸಿದ್ದನ್ನೆಲ್ಲ ಕಿತ್ತು, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡಿ ಕಳಿಸುತ್ತಾರೆ. ವಯಸ್ಸಿನ ಹುಮ್ಮಸ್ಸಿನಲ್ಲಿ ಕಾರನ್ನು ನೆಲಕ್ಕೆ ಇಳಿಸಿ, ಹಿಂದೆ ರೆಕ್ಕೆ ಕಟ್ಟಿ, ಗಾಜಿಗೆ ಕಪ್ಪು ಮೆತ್ತಿ, ಸೈಲೆನ್ಸರ್ ಕತ್ತರಿಸಿ ಬೀದಿಯವರ ನಿದ್ದೆ ಕೆಡಿಸಿದವರು ಒಂದಲ್ಲ ಒಂದು ದಿನ ಅದನ್ನು ಮಾರಲು ಹೋಗುತ್ತಾರೆ. ಮನೆಯಲ್ಲಿ ಮಗು ಹುಟ್ಟಿರುತ್ತದೆ, ಇಲ್ಲವೇ ಕೆಲಸ ಹೋಗಿರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಹಳೇ ಕಾರಿನ ಅಂಗಡಿಯವನಿಗೆ ಅದು ಬರೀ ಹೆಗ್ಗಣ. ಅವನು ಹೇಳಿದ ಬೆಲೆ ಕೇಳಿ ಇವರ ಮುಖ ಹರಳೆಣ್ಣೆ ಕುಡಿದಂತಾಗುತ್ತದೆ. ಆಮೇಲೆ ಅಕ್ಕನ ಶೆಡ್ಡು ನೆನಪಾಗುತ್ತದೆ.

“ಹತ್ತು ಹಾಕಿದ್ರೆ ಹನ್ನೆರಡು ಬರುತ್ತೆ ಅಂದ್ಕೊಂಡಿರ್ತಾರೆ. ಹತ್ತು ಹಾಕಿದ್ದಕ್ಕೆ ಇದ್ದದ್ದರಲ್ಲೂ ಎರಡು ಹೋಗಿರುತ್ತೆ,” ಎನ್ನುತ್ತಾಳೆ ಅಕ್ಕ. “ತಗೊಳ್ಳೋನು ಡಿಕ್ಕಿ ತುಂಬ ಸ್ಪೀಕರ್ ನೋಡಿ ಖುಷಿ ಪಡ್ತಾನಾ? ‘ಹೊರಗೇ ಇಷ್ಟು ಕುಣಿದಿದಾನೆ, ಇಂಜಿನ್ನಿಗೆ ಇನ್ನೇನು ಗತಿ ಕಾಣಿಸಿದಾನೋ’ ಅಂತ ಹೆದರ್ತಾನೆ. ಹೆದರಿದವನು ಬೆಲೆ ಕಟ್ಟಲ್ಲ, ಕಾಲು ಕೀಳ್ತಾನೆ.”

ಕೆಲಸ ಕೇಳಲು ಸುಲಭ. ಮಾಡಿದವರಿಗೆ ಗೊತ್ತು. ಗಾಜಿನ ಕಪ್ಪು ಹಾಳೆಯನ್ನು ಬಿಸಿ ಹಬೆ ಹಿಡಿದು, ಬ್ಲೇಡಿನಿಂದ ಗೀರು ಬೀಳದಂತೆ ಎಬ್ಬಿಸಬೇಕು. ಉಳಿದ ಅಂಟನ್ನು ಉಗುರಿನಲ್ಲಿ ಉಜ್ಜಬೇಕು. ಅಕ್ಕನ ಹೆಬ್ಬೆರಳ ಉಗುರು ಅರ್ಧ ಸವೆದುಹೋಗಿದೆ. ರೆಕ್ಕೆ ಕಿತ್ತ ಮೇಲೆ ಉಳಿಯುವ ತೂತುಗಳನ್ನು ಮುಚ್ಚಿ, ಬಿಸಿಲಿಗೆ ಬಾಡಿದ ಬಣ್ಣಕ್ಕೆ ಹೊಂದುವ ಬಣ್ಣ ಕಲಸಬೇಕು. ಇನ್ನು ಮೊದಲಿನ ಸಾಮಾನು? ಬಂದವರಿಗೆಲ್ಲ ಅಕ್ಕ ಕೇಳುವ ಮೊದಲ ಮಾತು, “ಒರಿಜಿನಲ್ ಎಲ್ಲಿ?” ಎಲ್ಲರ ಉತ್ತರವೂ ಒಂದೇ: ಗುಜರಿಗೆ ಹಾಕಿಬಿಟ್ಟೆವು. ಆಗ ಗುಜರಿ ಅಂಗಡಿಯ ರಾಶಿ ಹತ್ತಿ, ಬಗ್ಗಿದ ಬಂಪರುಗಳ ನಡುವೆ ಹೊಂದುವಂಥದ್ದನ್ನು ಹುಡುಕುವುದೂ ಅಕ್ಕನ ಪಾಲಿಗೇ ಬರುತ್ತದೆ. ಸಾದಾ ಕೆಲಸವಾದರೆ ವಾರಕ್ಕೆ ಎರಡು ಕಾರು ಮುಗಿಯುತ್ತವೆ. ಸಾದಾ ಕೆಲಸ ಬರುವುದು ಅಪರೂಪ.

ಈ ಬೀದಿಗೆ ಕಾರು ಬದಲಾಯಿಸುವ ಹುಚ್ಚು ಹಿಡಿಸಿದವನೇ ಅಕ್ಕನ ಗಂಡ. ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಈಗ ಸುತ್ತಲಿನ ಶೆಡ್ಡುಗಳಲ್ಲಿ ದುಡಿಯುವವರಲ್ಲಿ ಅರ್ಧ ಜನ ಆತನ ಕೈಕೆಳಗೆ ಕಲಿತವರು. ಅಕ್ಕ ಆಗ ಸೀಟಿನ ಕವರ್ ಹೊಲಿಯುತ್ತಿದ್ದಳು. ಅಳತೆ ತೆಗೆದುಕೊಳ್ಳಲು ಶೆಡ್ಡಿಗೆ ಬಂದವಳು ಇಲ್ಲೇ ಉಳಿದಳು. “ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕೋಕೆ ದಿನಾ ಕರೆಸ್ತಿದ್ರು. ತಪ್ಪು ಸಿಗಲಿಲ್ಲ, ಮದುವೆ ಮಾಡ್ಕೊಂಡ್ರು,” ಎಂದು ನಗುತ್ತಾಳೆ.

ಮೇಸ್ತ್ರಿ ಬಣ್ಣ ಹೊಡೆದದ್ದು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ, ಧೂಳು ಕೂರಬಾರದೆಂದು. ಮೂಗಿಗೆ ಒಂದು ಒದ್ದೆ ಬಟ್ಟೆ ಕಟ್ಟಿಕೊಂಡರೆ ಸಾಕೆಂದು ಆತನಿಗೆ ಹೇಳಿಕೊಟ್ಟವರು ಯಾರೋ, ಅವರ ಬಾಯಿಗೆ ಹುಳ ಬೀಳಲಿ. ಬಣ್ಣದ ಹೊಗೆ ವರ್ಷಗಟ್ಟಲೆ ಒಳಗೆ ಹೋಗಿ ಶ್ವಾಸಕೋಶವನ್ನು ಒಣಗಿದ ಸ್ಪಂಜು ಮಾಡಿದೆ. ವೈದ್ಯರು ವಾಸಿಯ ಮಾತನ್ನೇ ಎತ್ತುವುದಿಲ್ಲ. ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಇನ್ನೊಂದು ಬರಬೇಕು, ತಡವಾದರೆ ತುಟಿ ನೀಲಿಯಾಗುತ್ತದೆ. ಸಿಲಿಂಡರ್ ಬಂದ ದಿನದಿಂದ ಶೆಡ್ಡಿನಲ್ಲಿ ಕಿಡಿ ಹಾರಿಸುವಂತಿಲ್ಲ. ವೆಲ್ಡಿಂಗ್ ಇದ್ದರೆ ಅಕ್ಕ ಸಾಮಾನು ಹೊತ್ತು ಬೀದಿಯಾಚೆಗೆ ಹೋಗಬೇಕು. ಅಲ್ಲಿನವನಿಗೆ ಕೂಲಿಯಲ್ಲಿ ಪಾಲು ಕೊಡಬೇಕು.

ಕೋಣೆಯ ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಮೆಷಿನ್ನು ಇದೆಯಂತೆ. ಅದೊಂದು ಮಂಚದ ಪಕ್ಕ ಬಂದರೆ ಸಿಲಿಂಡರಿನ ದಾರಿ ಕಾಯುವುದು ತಪ್ಪುತ್ತದೆ. ಅದನ್ನು ಕೊಳ್ಳಲು ಮಾರಬಹುದಾದದ್ದು ಈ ಮನೆಯಲ್ಲಿ ಇರುವುದು ಒಂದೇ. ಇವತ್ತು ಅಕ್ಕ ಯಾವುದರ ಅಡಿಯಲ್ಲಿ ಮಲಗಿದ್ದಾಳೋ ಆ ಕಾರು.

ಅದು ಮೇಸ್ತ್ರಿ ತನಗಾಗಿಯೇ ಕಟ್ಟಿಕೊಂಡ ಕಾರು. ಹಲ್ಲಿಯಂತೆ ನೆಲಕ್ಕೆ ಕಚ್ಚಿಕೊಂಡು ಶೆಡ್ಡಿನ ಮುಂದೆ ನಿಂತಿರುತ್ತಿತ್ತು. ಬೇರೆ ಬೋರ್ಡು ಬೇಕಿರಲಿಲ್ಲ, ನೋಡಿದವರು ಬಂದು “ನಂಗೂ ಹಿಂಗೇ ಮಾಡ್ಕೊಡಿ” ಎನ್ನುತ್ತಿದ್ದರು. ಅದನ್ನು ಹಾಗೇ ಮಾರಲು ನೋಡಿದಾಗ ಗುಜರಿಯವನು ಬಿಟ್ಟು ಬೇರೆ ಯಾರೂ ಬೆಲೆ ಹೇಳಲಿಲ್ಲ. ಹಳೇ ಕಾರಿನ ಬ್ರೋಕರ್ ಕಡೆಗೊಂದು ಗಿರಾಕಿ ಹಿಡಿದ. ಸಂಸಾರಸ್ಥ, ಸಾದಾ ಕಾರು ಬೇಕು, ಗಿಲೀಟು ಬೇಡ. ಮೇಸ್ತ್ರಿ ಒಂದು ದಿನ ಗೋಡೆ ನೋಡಿಕೊಂಡು ಮಲಗಿದ್ದ. ಮಾರನೇ ದಿನ ತಾನೇ ಕಿಟಕಿಗೆ ಸರಿದು ಕೂತು ಹೇಳಿದ, “ರೆಕ್ಕೆ ಬಿಚ್ಚೋವಾಗ… ಎಡಗಡೆಯಿಂದ ಶುರು ಮಾಡು. ಬಲಗಡೆ… ಎಳೆದ್ರೆ ತಗಡು ಹರಿಯುತ್ತೆ.” ವಾರವಿಡೀ ಆತ ಹೇಳುತ್ತಾ ಹೋದ, ಆಕೆ ಬಿಚ್ಚುತ್ತಾ ಹೋದಳು. ಗಿರಾಕಿ ಬರುವುದು ಇವತ್ತು. ಉಳಿದಿರುವುದು ಕಾರನ್ನು ಮತ್ತೆ ಮೇಲೆತ್ತುವ ಹಿಂದಿನ ಸ್ಪ್ರಿಂಗ್ ಮಾತ್ರ.

ಇಲ್ಲಿ ಅಕ್ಕನ ಒಂದು ಪದ್ಧತಿ ಹೇಳಬೇಕು. ಬೋಲ್ಟ್ ಹಾಕಿದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಮೊದಲಿನಂತೆ ಮಾಡಲಾಗದು. ಕಾರಿನ ಮೈ ಹೊರುವ ಚಾಸಿಯನ್ನು ಯಾರಾದರೂ ಕತ್ತರಿಸಿ ಬೆಸೆದಿದ್ದರೆ, ಆ ಜಾಗಕ್ಕೆ ಅಕ್ಕ ಹಳದಿ ಬಣ್ಣ ಬಳಿಯುತ್ತಾಳೆ. ಬಗ್ಗಿ ನೋಡಿದವರಿಗೆ ಕಣ್ಣಿಗೆ ಹೊಡೆಯುವಂಥ ಹಳದಿ. ಹಿಂದೊಮ್ಮೆ ಬೇರೆ ಯಾರೋ ಬೆಸುಗೆ ಕಾಣದಂತೆ ಪುಟ್ಟಿ ಮೆತ್ತಿ ‘ಕಂಪನಿ ಹಾಗೇ ಇದೆ’ ಎಂದು ಮಾರಿದ ಕಾರು ತಿರುವಿನಲ್ಲಿ ಎರಡು ತುಂಡಾಗಿ ಗುಜರಿಗೆ ಬಂದಿತ್ತು. ಒರಿಜಿನಲ್ ಹುಡುಕಲು ಹೋದ ಅಕ್ಕ ಅದರ ಹಿಂದಿನ ಸೀಟು ನೋಡಿದಳು. ಏನು ಕಂಡಿತೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹಳದಿ ಡಬ್ಬಿ ಕೊಂಡದ್ದು ಅವತ್ತು. ಬ್ರೋಕರುಗಳು “ಅಕ್ಕನ ಕೈಗೆ ಸಿಕ್ಕ ಕಾರಿಗೆ ಕಾಮಾಲೆ” ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಕ್ಕನ ಶೆಡ್ಡಿನಿಂದ ಹೋದ ಕಾರು ರಸ್ತೆಯಲ್ಲಿ ಮುರಿದ ಸುದ್ದಿ ಈವರೆಗೆ ಬಂದಿಲ್ಲ.

ಸ್ಪ್ರಿಂಗ್ ಕೂರಿಸುವ ಮೊದಲು ಅಕ್ಕ ಅಭ್ಯಾಸಬಲದಿಂದ ಸ್ಪ್ಯಾನರಿನ ಹಿಡಿಯಿಂದ ಚಾಸಿಯ ತೊಲೆಯನ್ನು ಬಡಿದುಕೊಂಡು ಬರುತ್ತಾಳೆ. ಟಣ್, ಟಣ್, ಟಣ್. ಹಿಂದಿನ ಚಕ್ರದ ಮೇಲೆ ಬಂದಾಗ ದಬ್. ಇನ್ನೊಮ್ಮೆ ಬಡಿಯುತ್ತಾಳೆ. ದಬ್. ಚಾಕುವಿನಿಂದ ಕೆರೆದರೆ ಕಪ್ಪು ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಬಿಲ್ಲಿನಂತೆ ಬಾಗಿದ ಬೆಸುಗೆ. ಒಂದು ಗೆರೆ ಕಾಣದಂತೆ ಮುಗಿಸಿದ ಕೆಲಸ. ಅಷ್ಟು ನಯವಾಗಿ ಮುಗಿಸುವ ಕೈ ಈ ಬೀದಿಯಲ್ಲಿ ಒಂದೇ.

“ರೀ.”

“ಏನು?”

“ಹಿಂದಿನ ತೊಲೆ ಕತ್ತರಿಸಿದೀರಾ?”

ಕಿಟಕಿಯಲ್ಲಿ ಮೇಸ್ತ್ರಿ ಮೂಗಿನ ಕೊಳವೆ ಸರಿಮಾಡಿಕೊಳ್ಳುತ್ತಾನೆ.

“ಕತ್ತರಿಸದೆ… ಅಷ್ಟು ಕೆಳಗೆ ಕೂರುತ್ತಾ?”

“ನಾನು ಇದರಲ್ಲಿ ಎಷ್ಟು ವರ್ಷ ಓಡಾಡಿದೀನಿ! ಮಗಳು ಚಿಕ್ಕವಳಿದ್ದಾಗ ಅವಳನ್ನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು!”

“ಏನಾದ್ರೂ… ಆಯ್ತಾ?”

“ಆಗಿದ್ರೆ ಈಗ ಕೇಳ್ತಿದ್ನಾ?”

“ಒಳಗೆ ತಗಡು ಇಟ್ಟು… ಬೆಸೆದಿದೀನಿ. ಯಾರಿಗೂ… ಕಾಣಲ್ಲ.”

“ನೀವು ಮಾಡಿದ್ದಲ್ವಾ, ಎಲ್ಲಿ ಕಾಣುತ್ತೆ!”

ಅಕ್ಕ ಸ್ಕ್ರೂ ಡ್ರೈವರಿನ ತುದಿಯಿಂದ ಒತ್ತುತ್ತಾಳೆ. ಒಳಗಿನ ತಗಡನ್ನು ತುಕ್ಕು ತಿಂದು ಮುಗಿಸಿದೆ, ತುದಿ ಬಿಸ್ಕತ್ತಿಗೆ ಹೊಕ್ಕಂತೆ ಒಳಗೆ ಹೋಗುತ್ತದೆ. ಹೊಸ ತೊಲೆ ಹಾಕಿ ಬೆಸೆಯಬಹುದು. ಅದರ ಖರ್ಚು ಕಾರಿನ ಬೆಲೆಯನ್ನೇ ನುಂಗುತ್ತದೆ. ಆಕೆ ಅಡಿಯಿಂದ ಹೊರಬಂದು, ಕೈ ಒರೆಸಿಕೊಂಡು, ಹಲಗೆಯ ಮೇಲಿನ ಹಳದಿ ಡಬ್ಬಿಯ ಮುಚ್ಚಳ ಎಬ್ಬಿಸುತ್ತಾಳೆ.

ಅಷ್ಟರಲ್ಲಿ ಬ್ರೋಕರ್ ಒಳಗೆ ಬರುತ್ತಾನೆ. ಇಸ್ತ್ರಿ ಮಾಡಿದ ಅಂಗಿ, ಬೆರಳಲ್ಲಿ ಕೀಲಿಗೊಂಚಲು. ಡಬ್ಬಿ ಕಂಡದ್ದೇ ಆತನ ನಗು ಇಳಿಯುತ್ತದೆ.

“ಅಕ್ಕಾ, ಮುಚ್ಚು ಅದನ್ನ. ಗಿರಾಕಿ ದಾರೀಲಿದಾನೆ.”

“ಚಾಸಿ ಕಟ್ ಆಗಿದೆಯಪ್ಪ. ತುಕ್ಕು ಬೇರೆ.”

“ಬೇರೆಯವರದ್ದಕ್ಕೆ ಬಳಿದೆ, ಸಹಿಸ್ಕೊಂಡೆ. ನಿನ್ನದಕ್ಕೂ ಬಳೀತೀಯಾ? ಹೆಣ್ಣು ಹರಿಶ್ಚಂದ್ರ ಆಗೋಕೆ ಹೊರಟಿದೀಯಾ? ಮೇಸ್ತ್ರಿ ಉಸಿರು ಅಕ್ಕ, ಇದು!”

“ಎಷ್ಟು ಜನ ಬರ್ತಿದಾರೆ?”

“ಗಂಡ, ಹೆಂಡ್ತಿ, ಎರಡು ಮಕ್ಕಳು. ಯಾಕೆ?”

“ಮಕ್ಕಳು ಮುಂದೆ ಕೂರ್ತಾರಾ, ಹಿಂದೆ ಕೂರ್ತಾರಾ?”

ಬ್ರೋಕರ್ ಕೀಲಿಗೊಂಚಲು ತಿರುಗಿಸುವುದನ್ನು ನಿಲ್ಲಿಸುತ್ತಾನೆ.

ಕಿಟಕಿಯಲ್ಲಿ ಮೇಸ್ತ್ರಿ ಕಂಬಿ ಹಿಡಿದು ಎದ್ದುನಿಂತಿದ್ದಾನೆ. ಮೆಷಿನ್ನಿನ ಮಾತೇ ಆತನ ಬಾಯಲ್ಲಿಲ್ಲ. “ಅದರ ಮೇಲೆ… ಹಳದಿ ಬಳೀಬೇಡ. ನನ್ನ ಕೈ… ಕೆಲಸ ಅದು. ಎಂಥಾ ಹೆಂಗಸೇ ನೀನು, ಗಂಡನ…” ಅಲ್ಲಿಗೆ ಉಸಿರು ಕಡಿಯುತ್ತದೆ. ಬಾಯಿ ತೆರೆದೇ ಇದೆ, ಮಾತಿಲ್ಲ. ಅಕ್ಕ ಕುಂಚ ಹಿಡಿದು ಕಿಟಕಿಯನ್ನೇ ನೋಡುತ್ತಾ ನಿಲ್ಲುತ್ತಾಳೆ. ಆತನ ಮಾತು ಮುಗಿಯಲಿ ಎಂದು ಕಾಯುತ್ತಾಳೆ. ಮುಗಿಯುವುದಿಲ್ಲ. ಆತ ಮಂಚದ ಮೇಲೆ ಕುಸಿದು ಕೂರುತ್ತಾನೆ. ಅಕ್ಕ ಕಾರಿನ ಅಡಿಗೆ ಜಾರುತ್ತಾಳೆ.

ಗಿರಾಕಿ ಬರುವ ಹೊತ್ತಿಗೆ ಸ್ಪ್ರಿಂಗ್ ಕೂತು, ಕಾರು ನೆಲಕ್ಕಿಳಿದು ತೊಳೆದ ತಟ್ಟೆಯಂತೆ ಹೊಳೆಯುತ್ತಿದೆ. ಮಕ್ಕಳು ಆಗಲೇ ಹಿಂದಿನ ಸೀಟು ಹತ್ತಿ ಕಿಟಕಿ ಯಾರಿಗೆಂದು ಕಿತ್ತಾಡುತ್ತಿವೆ. ಹೆಂಡತಿ ಕನ್ನಡಿಯಲ್ಲಿ ತಲೆಗೂದಲು ಸರಿಮಾಡಿಕೊಳ್ಳುತ್ತಾಳೆ. ಗಂಡ ಬಗ್ಗಿ ಕೆಳಗೆ ನೋಡುತ್ತಾನೆ.

“ಇದೇನು, ಹಳದಿ?”

ಅಕ್ಕ ಹೇಳುತ್ತಾಳೆ. ಯಾರು ಕತ್ತರಿಸಿದ್ದು, ಏಕೆ ಕತ್ತರಿಸಿದ್ದು, ತುಕ್ಕು ಎಲ್ಲಿಯವರೆಗೆ ಹೋಗಿದೆ, ಎಲ್ಲ. ಆತ ಉಪಕಾರ ನೆನೆದನೇ? ಇಲ್ಲ. “ಇಂಥಾ ಡಕೋಟ ತೋರಿಸೋಕೆ ನಂಗೆ ರಜಾ ಹಾಕಿಸಿ ಕರೆಸಿದ್ರಾ?” ಎಂದು ಬ್ರೋಕರನ ಮೇಲೂ ಅಕ್ಕನ ಮೇಲೂ ಸಮನಾಗಿ ಕೂಗಾಡುತ್ತಾನೆ. ಹೆಂಡತಿ ಮಕ್ಕಳನ್ನು ರಟ್ಟೆ ಹಿಡಿದು ಇಳಿಸುತ್ತಾಳೆ. ಚಿಕ್ಕದು ಅಳುತ್ತಾ ಹೋಗುತ್ತದೆ.

ಬ್ರೋಕರ್ ಸ್ವಲ್ಪ ಹೊತ್ತು ಬೈದು, ಆಮೇಲೆ ಟೈರಿನ ಮೇಲೆ ಕೂತು ಲೆಕ್ಕ ಹಾಕುತ್ತಾನೆ. “ಇಂಜಿನ್ನು, ಗೇರ್‌ಬಾಕ್ಸು, ಬಾಗಿಲು… ಬಿಡಿಬಿಡಿಯಾಗಿ ಮಾರೋಣ. ಮೆಷಿನ್ನಿಗೆ ಆಗಲ್ಲ ಅಕ್ಕ. ಸಿಲಿಂಡರ್‌ಗೆ ಕೆಲವು ತಿಂಗಳು ಸಾಲುತ್ತೆ.” ಅಷ್ಟರಲ್ಲೂ ತನ್ನ ಕಮಿಷನ್ ಮಾತ್ರ ಬಿಡುವುದಿಲ್ಲ.

ಬಿಸಿಲೇರಿದ ಮೇಲೆ ಅಕ್ಕ ಕಾರಿನ ಬಾಗಿಲು ಕಳಚಲು ಶುರುಮಾಡುತ್ತಾಳೆ. ಈ ಬಾರಿ ಎಡಗಡೆಯೋ ಬಲಗಡೆಯೋ ಎಂದು ಹೇಳುವವರಿಲ್ಲ. ಮೇಸ್ತ್ರಿ ಗೋಡೆಯ ಕಡೆಗೆ ತಿರುಗಿದ್ದಾನೆ. ಒಂದು ಬಾಗಿಲು ಕೆಳಗಿಟ್ಟು ಕೋಣೆಗೆ ಹೋದರೆ ಸಿಲಿಂಡರಿನ ಗಾಳಿ ಇಳಿಸಿಟ್ಟಿರುವುದು ಕಾಣುತ್ತದೆ. ಹೆಂಡತಿ ನೋಡುತ್ತಿಲ್ಲವೆಂದು ಆತ ಉಳಿತಾಯ ಮಾಡುತ್ತಿದ್ದಾನೆ. ಅಕ್ಕ ಅದನ್ನು ಮತ್ತೆ ಏರಿಸಿ, ಹೊದಿಕೆ ಸರಿಪಡಿಸಿ ಹೊರಬರುತ್ತಾಳೆ.

ಬಣ್ಣ ಬಳಿದದ್ದು ತಪ್ಪಾಯಿತೇ ಎಂದು ಕೇಳಿದರೆ ಆಕೆಗೆ ಸಿಟ್ಟು ಬರುತ್ತದೆ. “ಅದನ್ನೇನು ಕೇಳ್ತೀರಿ?” ಮುಂದೇನು ಬೇಕು ಎಂದು ಕೇಳಿದರೆ ಮಾತ್ರ ಸ್ಪ್ಯಾನರ್ ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತಾಳೆ.

“ನಂಗೇನು ಬೇಕು? ಬೆಳಿಗ್ಗೆ ಇವರು ನಂಗೆ ಬೈಯೋಕೆ ಶುರು ಮಾಡಿದ್ರಲ್ಲ, ಅದು ಪೂರ್ತಿ ಆಗ್ಲಿ. ಎಲ್ಲೂ ನಿಲ್ಲಿಸದೆ, ಒಂದೇ ಉಸಿರಲ್ಲಿ ಬೈಯಲಿ. ನಾನು ಕೈ ಕಟ್ಕೊಂಡು ನಿಂತು ಕೇಳ್ತೀನಿ.”