ಗಾಳಿ ಹೊಗದ ಮನೆಗೆ ಬಂದ ಬೀಗರು

ನಾನು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದಾಗ ಮಾವ ಹೊಸ ಮನೆ ಕಟ್ಟಿಸಿ ವರ್ಷವೂ ಆಗಿರಲಿಲ್ಲ. ಮನೆ ತೋರಿಸುವಾಗ ಅವರು ಹೆಚ್ಚು ಹೊತ್ತು ನಿಂತದ್ದು ಕಿಟಕಿಗಳ ಮುಂದೆ.

"ಗಾಜು ನೋಡವ್ವ. ಸೊಳ್ಳಿ ಬರಂಗಿಲ್ಲ, ಧೂಳ ಬರಂಗಿಲ್ಲ, ಗಾಳಿನೂ ಬರಂಗಿಲ್ಲ."

ಮೂರನ್ನೂ ಒಂದೇ ಹೆಮ್ಮೆಯಲ್ಲಿ ಹೇಳಿದರು. ಉತ್ತರದ ಗೋಡೆಯಲ್ಲೂ ಒಂದು ಕಿಟಕಿ ಇತ್ತಂತೆ. ಅಲ್ಲಿಂದ ಲಕ್ಷ್ಮಿ ಹೊರಗೆ ಹೋಗುತ್ತಾಳೆಂದು ವಾಸ್ತು ಹೇಳುವವರು ಇಟ್ಟಂಗಿ ಕಟ್ಟಿಸಿ ಮುಚ್ಚಿಸಿದ್ದರು.

ಚಳಿಗಾಲಕ್ಕೆ ನಡುಮನೆಗೆ ಶೆಗಡಿ ಬಂತು. ಆ ಕಬ್ಬಿಣದ ಬುಟ್ಟಿಯಲ್ಲಿ ಇದ್ದಿಲು ತುಂಬಿ ಹೊತ್ತಿಸಿ, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿ, ಎಲ್ಲರೂ ಸುತ್ತ ಕೂರುತ್ತಿದ್ದೆವು. ಗೋಡೆಯ ಮೂಲೆಗೆ ಕಪ್ಪು ಬೂಷ್ಟು ಹಬ್ಬಿತು; ಮಾವ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದರು. ಅತ್ತೆಗೆ ಕೆಮ್ಮು ಹತ್ತಿ ದಮ್ಮಿಗೆ ತಿರುಗಿತು. ಕಾರಣಗಳಿಗೇನೂ ಬರವಿರಲಿಲ್ಲ: ಮೊಸರು, ಫ್ರಿಜ್ಜಿನ ನೀರು, ಎದುರುಮನೆಯವರ ಕಣ್ಣು.

"ಮನ್ಯಾಗ ಹೊಗಿ ಆಗ್ತದೇನ್ರಿ?" ಎಂದು ಡಾಕ್ಟರ್ ಕೇಳಿದ್ದಕ್ಕೆ ಮಾವನಿಗೆ ಸಿಟ್ಟು ಬಂತು.

"ನಮ್ಮನ್ಯಾಗ ಯಾರೂ ಬೀಡಿ ಮುಟ್ಟಂಗಿಲ್ರಿ!"

ಡಾಕ್ಟರ್ ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಟ್ಟು, ಕಿಟಕಿ ತೆರೆದಿಡಿ ಅಂದರು. ಪಂಪು ಮಾತ್ರ ತಂದೆವು.

ಅದೇ ಚಳಿಯಲ್ಲಿ ನಾದಿನಿಯನ್ನು ನೋಡಲು ರಾಜೇಶ್ವರದಿಂದ ಗಂಡಿನವರು ಬಂದರು. ಅವರ ಮರ್ಯಾದೆಗೆಂದು ಮಾವ ಶೆಗಡಿಗೆ ಇಮ್ಮಡಿ ಇದ್ದಿಲು ಸುರಿದರು. ಬಾಗಿಲು ಭದ್ರವಾಯಿತು. ನಾದಿನಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು, ಕಣ್ಣಲ್ಲಿ ಧಾರಾಕಾರ ನೀರು. ಹುಡುಗನ ಸೋದರತ್ತೆಗೆ ಬಹಳ ಮೆಚ್ಚುಗೆಯಾಯಿತು.

"ತವರು ಬಿಡಬೇಕಂತ ಈಗ್ಲೇ ಅಳಾಕತ್ತಾಳ ನೋಡ್ರಿ. ಏನ್ ಸಂಸ್ಕಾರ!" ಎಂದವರೇ ಕೆಮ್ಮತೊಡಗಿದರು. ಹುಡುಗನ ತಂದೆ ಹಣೆ ಒತ್ತಿಕೊಂಡರು. ಹುಡುಗನ ತಾಯಿ ನೀರು ಕೇಳಲು ಎದ್ದವರು ತಲೆ ತಿರುಗಿ ಅಲ್ಲೇ ನೆಲಕ್ಕೆ ಕುಸಿದರು.

ನಾವೆಲ್ಲ "ಬಿಪಿ ಇರಬೇಕು" ಎಂದು ಚರ್ಚಿಸುತ್ತಿರುವಾಗಲೇ ನಾದಿನಿ ತಟ್ಟೆ ಇಟ್ಟು ಸೀರೆ ಕಿತ್ತೆಸೆದು ಬಾಗಿಲು ತೆರೆದಳು. "ಬಿಪಿ ಅಲ್ಲರಿ, ಶೆಗಡಿ. ಎಲ್ಲಾರೂ ಹೊರಗ ನಡೀರಿ!" ಎಂದು ಆ ತಾಯಿಯ ತೋಳು ಹಿಡಿದೆತ್ತಿ ಕಟ್ಟೆಗೆ ಕರೆತಂದಳು. ನಾನು ಅತ್ತೆಯನ್ನು ಹಿಡಿದುಕೊಂಡು ಹೊರಗೆ ಬಂದೆ. ಬಿಸಿಲಲ್ಲಿ ಎಲ್ಲರೂ ಬಾಯಿ ತೆರೆದು ಉಸಿರೆಳೆದೆವು. ಮಾವ ಮಾತ್ರ ತಲೆ ತಗ್ಗಿಸಿ ನಿಂತಿದ್ದರು. ಸಂಬಂಧ ಮುರಿಯಿತೆಂದೇ ನಾನು ಅಂದುಕೊಂಡೆ.

ಹುಡುಗನ ತಾಯಿ ಸುಧಾರಿಸಿಕೊಂಡು ನೀರು ಕುಡಿದರು. "ನಿಮ್ಮ ಮನಿ ಭಾಳ ಛಲೋ ಅದ್ರಿ. ಖರೆ, ಒಳಗ ಕೂಡಾಕ ಬರಂಗಿಲ್ಲ," ಎಂದರು. ಆಮೇಲೆ ನಾದಿನಿಯ ಕೈ ಹಿಡಿದು, "ಹುಡುಗಿ ನಮಗ ಪಸಂದ್," ಎಂದರು.

ಬೀಗರು ಹೋದ ಮೇಲೆ ಮಾವ ಗೌಂಡಿಯನ್ನು ಕರೆಸಿ ಉತ್ತರದ ಗೋಡೆ ಒಡೆಸಿದರು. ಯಾಕೆಂದು ಕೇಳಿದವರಿಗೆ, "ಬೆಳಕು ಕಮ್ಮಿ ಆಗಿತ್ತು," ಎಂದರು. ಶೆಗಡಿ ಅಂಗಳ ಸೇರಿತು.

ಅತ್ತೆಯ ದಮ್ಮು ಪೂರ್ತಿ ಹೋಗಲಿಲ್ಲ. ಪಂಪು ಈಗಲೂ ದಿಂಬಿನ ಪಕ್ಕದಲ್ಲಿರುತ್ತದೆ. ಆದರೆ ಮದುವೆಗೆ ಹಪ್ಪಳ ಒಣಗಿಸುವಾಗ ಅವರೇ ಮಾಳಿಗೆ ಹತ್ತಿದರು. ನಾನು ಹಪ್ಪಳ ದಪ್ಪ ಲಟ್ಟಿಸಿದ್ದೇನೆಂದು ಮೇಲಿಂದಲೇ ಓಣಿಗೆಲ್ಲ ಕೇಳುವಂತೆ ಬೈದರು. ಆ ಬೈಗುಳದ ನಡುವೆ ಒಮ್ಮೆಯೂ ಕೆಮ್ಮು ಬರಲಿಲ್ಲ.