ಯಾರು ಬೇಕಾದರೂ ಬಳಸಬಹುದಾದ ದನಿ

ಅವನಿಗೆ ಗುಮಾನಿ ಎಂದು ಹೆಸರಿಟ್ಟವರು ಪ್ರೆಸ್ಸಿನ ಕೆಲಸಗಾರರು. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಸೇರಿದ ಮೊದಲ ವಾರವೇ ಅವುಗಳ ನೆತ್ತಿಯ ಮೇಲಿದ್ದ ಪುಟ್ಟ ಕ್ಯಾಮೆರಾಗಳಿಗೆಲ್ಲ ಕಾಗದದ ಚೂರು ಅಂಟಿಸಿಬಿಟ್ಟ. ಯಾಕಪ್ಪಾ ಇದು ಎಂದು ಬೈಂಡಿಂಗಿನವನು ಕೇಳಿದ.

"ಅದು ನೋಡ್ತಾ ಇಲ್ಲ ಅಂತ ನಿಂಗೆ ಯಾರು ಹೇಳಿದ್ರು?"

"ನನ್ನ ಮುಖ ನೋಡಿ ಯಾರಿಗೇನು ಸಿಗತ್ತೆ? ಕಟ್ಕೊಂಡವಳಿಗೇ ಬೇಡವಾಗಿದೆ ಈ ಮುಖ."

ಎಲ್ಲರೂ ನಕ್ಕರು. ಅವನು ನಗದೆ ಮುಂದಿನ ಕಂಪ್ಯೂಟರಿಗೆ ಕಾಗದ ಅಂಟಿಸುತ್ತಿದ್ದ. ಅಂದಿನಿಂದ ಅವನು ಗುಮಾನಿ. ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅವನ ಸ್ವಂತ ಹೆಸರು ಕಂಡವರಿಲ್ಲ.

ಅಂಗಡಿಯಲ್ಲಿ ಬಿಲ್ಲು ಬರೆಯುವವರು ಫೋನ್ ನಂಬರ್ ಕೇಳಿದರೆ ಕೊನೆಯ ಅಂಕಿ ಬದಲಿಸಿ ಹೇಳುತ್ತಿದ್ದ. ಆ ನಂಬರಿನ ಯಾವನೋ ಪುಣ್ಯಾತ್ಮನಿಗೆ ವರ್ಷಗಟ್ಟಲೆ ಚಪ್ಪಲಿ ಅಂಗಡಿಯ ರಿಯಾಯಿತಿ ಸುದ್ದಿಗಳು ಹೋಗಿವೆ. ನಿಜ ಹೇಳಬೇಕೆಂದರೆ ಅವನಿಗೆ ಸ್ವಂತ ಫೋನೇ ಇರಲಿಲ್ಲ, ಹಾಗೆ ಬದಲಿಸಿ ಹೇಳುತ್ತಿದ್ದುದು ಅಕ್ಕನ ನಂಬರನ್ನು. ಫೋನಿನ ಕನೆಕ್ಷನ್ ಬೇಕಾದರೆ ಕಂಪನಿಯ ಕೌಂಟರಿನಲ್ಲಿ ಗುರುತಿನ ಚೀಟಿ ಕೊಟ್ಟು, ಅಲ್ಲೇ ಫೋಟೋ ತೆಗೆಸಿಕೊಳ್ಳಬೇಕು. ಆ ಫೋಟೋ ಕಂಪನಿಗೂ ಹೋಗುತ್ತದೆ, ಸರ್ಕಾರಕ್ಕೂ ಹೋಗುತ್ತದೆ. ಅದಕ್ಕವನು ಸುತರಾಂ ಒಪ್ಪಲಿಲ್ಲ. ತುರ್ತಿದ್ದರೆ ಅಕ್ಕನ ಫೋನಿಗೆ ಮಾಡಿ ಎನ್ನುತ್ತಿದ್ದ.

ಅಕ್ಕ ಎಂದರೆ ಬೀದಿಗೆಲ್ಲ ಟೈಲರಕ್ಕ. ಗಂಡ ಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಮಾಡಿಕೊಂಡಿದ್ದಳು. ಹಿಂದಿನ ಕೋಣೆ ತಮ್ಮನದು. ಅಂಗಡಿಯ ಮೂಲೆಯಲ್ಲಿ ಒಂದು ಕಸೂತಿ ಮೆಷೀನಿದೆ. ಬಟ್ಟೆ ಹೊದಿಸಿ, ಅದರ ಮೇಲೆ ಇಸ್ತ್ರಿ ಮಾಡಿದ ಪ್ಯಾಂಟುಗಳನ್ನು ಪೇರಿಸಿಡುತ್ತಾಳೆ. ತಮ್ಮನ ಗುಮಾನಿ ಹುಟ್ಟಿದ್ದು ಅದರ ಹೊಟ್ಟೆಯಲ್ಲಿ. ಮೆಷೀನು ತಂದು ಎರಡು ವರ್ಷವಾಗಿರಲಿಲ್ಲ, ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಅದರ ಪುಟ್ಟ ಪರದೆಯ ಮೇಲೆ, ಈ ಮಾದರಿಗೆ ಕಂಪನಿಯು ಸೇವೆ ನಿಲ್ಲಿಸಿದೆ ಎಂದು ಬಂತು. ಸೂಜಿ ನೆಟ್ಟಗಿತ್ತು, ಮೋಟಾರು ನೆಟ್ಟಗಿತ್ತು. ಆದರೆ ಒಂದೊಂದು ಹೂವು ಹಾಕುವ ಮೊದಲೂ ಅದು ದೂರದಲ್ಲಿರುವ ಕಂಪನಿಯ ಕಂಪ್ಯೂಟರಿನ ಅಪ್ಪಣೆ ಕೇಳಬೇಕಿತ್ತು. ಆ ಕಂಪ್ಯೂಟರನ್ನು ಅವರು ಮುಚ್ಚಿಬಿಟ್ಟಿದ್ದರು. ತಮ್ಮ ಅದನ್ನು ಬಿಚ್ಚಿ, ಒಳಗಿನ ಬೀಗ ಮುರಿಯಲು ಒದ್ದಾಡಿ ಸೋತ. ದೂರು ಕೊಡೋಣವೆಂದು ಸರ್ಕಾರದ ಕಚೇರಿಗೆ ಹೋದ. ದೂರು ಬರೆದುಕೊಳ್ಳುವ ಕಂಪ್ಯೂಟರಿನ ಬೆನ್ನ ಮೇಲೂ ಅದೇ ಕಂಪನಿಯ ಹೆಸರಿತ್ತು. ಅವನು ಬಾಯಿ ತೆರೆಯದೆ ವಾಪಸು ಬಂದ.

ಆಮೇಲೆ ಅವನಿಗೆ ತನ್ನಂಥವರೇ ನಾಲ್ಕಾರು ಮಂದಿ ಸಿಕ್ಕರು. ಭಾನುವಾರ ಬೆಳಿಗ್ಗೆ ಪ್ರೆಸ್ಸಿನ ಕಾಗದದ ಗೋದಾಮಿನಲ್ಲಿ, ರೀಮುಗಳ ಮೇಲೆ ಕೂತು ಕಂಪ್ಯೂಟರ್ ಪ್ರೋಗ್ರಾಂ ಬರೆಯುವರು. ಬರೆದದ್ದನ್ನು ಬಚ್ಚಿಡುತ್ತಿರಲಿಲ್ಲ. ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಮುಚ್ಚಿಟ್ಟದ್ದರಲ್ಲೆಲ್ಲ ಮೋಸವಿದೆ ಎಂಬುದು ಅವರ ನಂಬಿಕೆ. ಕಂಪನಿಯನ್ನೂ ಸರ್ಕಾರವನ್ನೂ ಒಂದೇ ಉಸಿರಿನಲ್ಲಿ ಬೈದು, ಚಹಾ ಕುಡಿದು ಮನೆಗೆ ಹೋಗುವರು.

ಆ ಗುಂಪಿನಲ್ಲಿ ಆಪರೇಟರ್ ಒಬ್ಬನಿದ್ದ. ಸರ್ಕಾರಿ ಆಸ್ಪತ್ರೆಗೆ ಬಂದ ಫೋನುಗಳನ್ನು ವಾರ್ಡುಗಳಿಗೆ ಜೋಡಿಸಿಕೊಡುವುದು ಅವನ ಕೆಲಸ. ಹುಟ್ಟಿನಿಂದ ಕಣ್ಣು ಕಾಣದು. ಪರದೆಯ ಮೇಲಿರುವುದನ್ನು ಕಂಪ್ಯೂಟರೇ ಓದಿ ಹೇಳಬೇಕು. ಆಸ್ಪತ್ರೆಯಲ್ಲಿದ್ದ ಓದುವ ಪ್ರೋಗ್ರಾಂ ಒಂದು ದೊಡ್ಡ ಕಂಪನಿಯದು. ಓದಬೇಕಾದ್ದೆಲ್ಲ ಮೊದಲು ಆ ಕಂಪನಿಗೆ ಹೋಗಿ ಆಮೇಲೆ ದನಿಯಾಗಿ ಬರುತ್ತಿತ್ತು.

"ಯಾರಿಗೆ ಯಾವ ಕಾಯಿಲೆ ಅನ್ನೋದು ನನಗಿಂತ ಮುಂಚೆ ಅವರಿಗೆ ಗೊತ್ತಾಗತ್ತೆ ಕಣೋ," ಎಂದ ಆಪರೇಟರ್. "ಆ ದನಿನೋ, ನೆಗಡಿಯಾದ ಮೇಷ್ಟ್ರ ಥರ. ದಿನಕ್ಕೆ ಎಂಟು ಗಂಟೆ ಆ ಮೇಷ್ಟ್ರ ಜೊತೆ ಸಂಸಾರ ನಂದು."

ಗುಮಾನಿ ಓದುವ ಪ್ರೋಗ್ರಾಂ ಬರೆಯಲು ಕೂತ. ಪ್ರೋಗ್ರಾಂ ಆಯಿತು, ದನಿ ಬೇಕಿತ್ತು. ಅಕ್ಕನದು ಏರಿಳಿತವಿಲ್ಲದ, ಬಿಡಿಬಿಡಿಯಾದ ದನಿ. ಅಳತೆ ಹೇಳಿ ಹೇಳಿ ಹಾಗಾಗಿತ್ತು. ಅಂಗಡಿಯಲ್ಲಿ ಸುತ್ತಲೂ ಬಟ್ಟೆ ತೂಗುಹಾಕಿದ್ದರಿಂದ ಮಾತು ಗೋಡೆಗೆ ಬಡಿದು ವಾಪಸಾಗುತ್ತಲೂ ಇರಲಿಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬಾಗಿಲು ಹಾಕಿ, ಅವಳ ಮುಂದೆ ಮೈಕು ಇಟ್ಟು, ವಾಕ್ಯಗಳ ಹಾಳೆ ಕೊಟ್ಟ.

"ಠಾಣೆಯ ಹಿಂದೆ ಝರಿ, ಝರಿಯ ಹಿಂದೆ ಢಕ್ಕೆ," ಎಂದು ಓದಿ ಅಕ್ಕ ಕನ್ನಡಕ ತೆಗೆದಳು. "ಇದನ್ನ ಬರೆದವರ ತಲೆ ನೆಟ್ಟಗಿತ್ತಾ?"

"ಎಲ್ಲಾ ಅಕ್ಷರಾನೂ ಬರಬೇಕಕ್ಕಾ, ಆಗಲೇ ಕಂಪ್ಯೂಟರು ಯಾವ ಮಾತನ್ನಾದ್ರೂ ನಿನ್ನ ದನಿಯಲ್ಲಿ ಹೇಳೋದು. ಅರ್ಥ ನೋಡಬೇಡ."

"ಸರಿ ಬಿಡು. ಅರ್ಥ ನೋಡಿದ್ರೆ ನಿನ್ನ ಇಷ್ಟು ವರ್ಷ ಮನೇಲಿ ಇಟ್ಕೊಳ್ತಿದ್ನಾ?"

ಒಂದು ಚಳಿಗಾಲವೆಲ್ಲ ಓದಿದಳು. ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟ ಅಂಗುಸ್ತಾನ ಮೇಜಿಗೆ ತಗುಲಿ ಟಿಕ್ ಎಂದರೆ ಆ ವಾಕ್ಯವನ್ನು ತಾನೇ ಮತ್ತೆ ಓದುವಳು. ತಮ್ಮ ಸಾಕೆಂದರೂ ಬಿಡುತ್ತಿರಲಿಲ್ಲ. ಎಲ್ಲ ಮುಗಿದ ದಿನ ಅವನು ದನಿ ಹಂಚುವ ನಿಯಮ ಓದಿ ಹೇಳಿದ. ಈ ದನಿಯನ್ನು ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ, ಯಾರನ್ನೂ ಕೇಳದೆ ಬಳಸಬಹುದು. ಕೊಟ್ಟದ್ದನ್ನು ವಾಪಸು ಪಡೆಯುವಂತಿಲ್ಲ.

"ಯಾರು ಬೇಕಾದ್ರೂ ಅಂದ್ರೆ?"

"ಯಾರು ಬೇಕಾದ್ರೂ ಅಕ್ಕ. ಅದೇ ಇದರ ಜೀವ. ಒಬ್ಬರಿಗೆ ಉಂಟು ಒಬ್ಬರಿಗೆ ಇಲ್ಲ ಅಂದ್ರೆ ಕಂಪನಿಗೂ ನಮಗೂ ಏನು ವ್ಯತ್ಯಾಸ?"

ಅಕ್ಕ ಸಹಿ ಹಾಕಿದಳು. ಯಾರು ಬೇಕಾದರೂ ಎನ್ನುವಾಗ ಗುಮಾನಿಯ ಕಣ್ಣ ಮುಂದೆ ಇದ್ದದ್ದು ಆಪರೇಟರ್, ರೀಮುಗಳ ಮೇಲೆ ಕೂತ ಗೆಳೆಯರು, ಅವರಂಥವರು. ಬೇರೆ ಯಾರ ಮುಖವೂ ಅವನಿಗೆ ಹೊಳೆಯಲಿಲ್ಲ. ಎಲ್ಲರ ಮೇಲೂ ಅನುಮಾನ ಪಡುವವನು ತನ್ನ ಮಾತಿನ ಮೇಲೆ ಅನುಮಾನ ಪಡಲಿಲ್ಲ.

ಆಪರೇಟರಿಗೆ ಹೊಸ ದನಿ ಬಲು ಹಿಡಿಸಿತು. "ನಿಮ್ಮಕ್ಕ ದಿನವಿಡೀ ನಂಗೆ ಓದಿ ಹೇಳ್ತಾರೆ, ಬೇಜಾರೇ ಮಾಡ್ಕೊಳಲ್ಲ," ಎನ್ನುವನು. ಅವನ ಮೂಲಕ ಕಣ್ಣು ಕಾಣದ ಇನ್ನೂ ಹಲವರು ಅದನ್ನು ಹಾಕಿಸಿಕೊಂಡರು. ಹೀಗೆ ವರ್ಷವೊಂದು ಕಳೆಯಿತು.

ಒಂದು ದಿನ ಗುಮಾನಿ ಕೆಲಸದಿಂದ ಬಂದಾಗ ಮೂಲೆಮನೆಯವಳು ಅಂಗಡಿಯಲ್ಲಿ ನಿಂತಿದ್ದಳು. ಕಾಲುವೆ ಬದಿಯ ಸಾಲಿನಲ್ಲಿ ಕೊನೆಯ ಮನೆ ಅವಳದು. ಟೈಲರಕ್ಕನ ಹಳೆಯ ಗಿರಾಕಿ. ಇನ್ನೂ ಕತ್ತರಿ ಹಾಕದ ತನ್ನ ಬಟ್ಟೆಯನ್ನು ವಾಪಸು ಮಡಿಸಿಕೊಳ್ಳುತ್ತಿದ್ದಳು.

"ನಾನು ಹೇಳಿಲ್ಲ ಕಣೇ," ಎನ್ನುತ್ತಿದ್ದಳು ಅಕ್ಕ.

"ನಿಮ್ಮ ದನಿ ನಂಗೆ ಗೊತ್ತಾಗಲ್ವಾ ಅಕ್ಕಾ? ಸೊಂಟ ಇಪ್ಪತ್ತೆಂಟು, ಉದ್ದ ಮೂವತ್ತೊಂಬತ್ತು ಅಂತ ಎಷ್ಟು ವರ್ಷ ಕೇಳಿದೀನಿ. ಅದೇ ದನಿ. ಮನೆ ಖಾಲಿ ಮಾಡಿ, ಇಲ್ಲದಿದ್ದರೆ ಸಾಮಾನು ಹೊರಗೆ ಹಾಕಲಾಗುವುದು ಅಂತ. ನಮ್ಮ ಸಾಲಿಗೆಲ್ಲ ಬಂದಿದೆ. ನಮ್ಮನೆಯವರು ಅಂದ್ರು, ಟೈಲರಕ್ಕಂಗೆ ಇಲಾಖೆಯಲ್ಲಿ ಕೆಲಸ ಸಿಕ್ಕಿರಬೇಕು, ಒಂದು ಮಾತು ಮುಂಚೆ ಹೇಳಬಾರದಿತ್ತಾ ಅಂತ."

ಅವಳು ಫೋನಿನಲ್ಲಿ ರೆಕಾರ್ಡಾಗಿದ್ದ ಕರೆಯನ್ನು ಹಾಕಿ ಹಿಡಿದಳು. ಗುಮಾನಿ ಕೇಳಿಸಿಕೊಂಡ. ರಸ್ತೆ ಅಗಲ ಮಾಡಲು ಕಾಲುವೆ ಬದಿಯ ಮನೆಗಳನ್ನು ತೆಗೆಯುವುದಾಗಿ ವಸತಿ ಇಲಾಖೆ ಫೋನು ಮಾಡಿತ್ತು. ಮಾತಾಡುತ್ತಿದ್ದುದು ಅಕ್ಕ. ಅವಳು ಎಂದೂ ಆಡದ ಮಾತನ್ನು, ಅವಳದೇ ಸಮಾಧಾನದಲ್ಲಿ, ಬಿಡಿಬಿಡಿಯಾಗಿ ಆಡುತ್ತಿದ್ದಳು. ಇಲಾಖೆಯವರು ಪುಕ್ಕಟೆ ಸಿಕ್ಕ ದನಿಯನ್ನು ನಿಯಮದ ಪ್ರಕಾರವೇ ಎತ್ತಿಕೊಂಡಿದ್ದರು. ಒಂದು ಅಕ್ಷರದ ತಪ್ಪೂ ಮಾಡಿರಲಿಲ್ಲ.

ಗುಮಾನಿ ಅದು ಕಂಪ್ಯೂಟರ್ ಎಂದು ವಿವರಿಸಲು ಹೋದ. ಮೂಲೆಮನೆಯವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬಟ್ಟೆ ಚೀಲಕ್ಕೆ ತುಂಬಿಕೊಂಡು ಹೋದಳು. ಆ ವಾರ ಕಾಲುವೆ ಸಾಲಿನ ಇನ್ನೂ ಕೆಲವರು ಬಂದು ಬಟ್ಟೆ ಒಯ್ದರು. ಒಬ್ಬರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ವಾಸಿ ಇತ್ತು ಎಂದಳು ಅಕ್ಕ. ಅವರು ಮುಖ ನೋಡದೆ ಮಾತಾಡುವುದನ್ನು ಅವಳಿಂದ ಸಹಿಸಲಾಗಲಿಲ್ಲ.

"ಆ ಮನೆಗಳಲ್ಲಿ ನಾನು ಹೊಲಿದ ಬಟ್ಟೆ ಹಾಕ್ಕೊಳ್ಳದೇ ಇರೋ ಜೀವ ಇಲ್ಲ ಕಣೋ. ಅವರನ್ನ ನನ್ನ ಗಂಟಲಿಂದ ಆಚೆ ಹಾಕಿಸ್ತಾ ಇದೀಯಲ್ಲ."

ಭಾನುವಾರ ಅವನು ಗುಂಪಿನ ಮುಂದೆ, ನಿಯಮಕ್ಕೆ ಸೇರಿಸಲೆಂದು ಬರೆದ ಒಂದು ಹೊಸ ಸಾಲು ಓದಿದ. ಸರ್ಕಾರ ಮತ್ತು ಕಂಪನಿಗಳು ಈ ದನಿಯನ್ನು ಬಳಸತಕ್ಕದ್ದಲ್ಲ. ಹಳೆಯ ದನಿ ಹೋದದ್ದು ಹೋಯಿತು. ಇನ್ನು ಮುಂದೆ ತಿದ್ದಿ ಕೊಡುವುದಕ್ಕೆಲ್ಲ ಈ ಸಾಲು ಅಂಟಿಸೋಣ ಎಂದ. ಅಂದು ಅಕ್ಕನೂ ಬಂದಿದ್ದಳು. ಅವಳಿಗೆ ರೀಮಿನ ಮೇಲೆ ಕಾಗದ ಹಾಸಿ ಕೂರಿಸಿದ್ದರು. ಹೆಚ್ಚಿನವರು ತಲೆಯಾಡಿಸಿದರು. ಆಪರೇಟರ್ ಮಾತ್ರ ಸುಮ್ಮನೆ ತನ್ನ ಕೋಲನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದ.

"ನನ್ನ ಆಸ್ಪತ್ರೆ ಯಾರದು?" ಎಂದು ಕೇಳಿದ.

"ಸರ್ಕಾರದ್ದು."

"ನಾನು ಕೂರೋ ಕುರ್ಚಿ, ಮುಂದಿರೋ ಕಂಪ್ಯೂಟರು?"

ಆಪರೇಟರ್ ಕೋಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡ.

"ಓದೋ ಪ್ರೋಗ್ರಾಂಗೆ ಆಗಾಗ ತಿದ್ದಿದ್ದು ಬೇಕೇ ಬೇಕು, ಅದರಲ್ಲಿ ಈ ಸಾಲು ಕಂಡ ದಿನ ಆಸ್ಪತ್ರೆಯವರು ಇದನ್ನ ತೆಗೆದುಹಾಕ್ತಾರೆ. ನನ್ನ ಪಾಲಿಗೆ ಮತ್ತೆ ಆ ನೆಗಡಿ ಮೇಷ್ಟ್ರು. ಕುರುಡರಲ್ಲಿ ಕೆಲಸ ಇರೋರೆಲ್ಲ ಒಂದೋ ಸರ್ಕಾರ, ಇಲ್ಲ ಕಂಪನಿ. ಕೆಲಸ ಇಲ್ಲದೋರಿಗೆ ಓದಿ ಹೇಳೋ ಕಾಗದವೇ ಇರಲ್ಲ. ನಿನ್ನ ಸಾಲು ಯಾರಿಗೆ ಹೊಡೆಯತ್ತೆ ನೋಡ್ಕೋ. ಇಲಾಖೆಯವರಿಗಂತೂ ಅಲ್ಲ, ಅವರ ಹತ್ರ ಹಳೇದಿದೆ, ಫೋನು ಮಾಡಿಸೋಕೆ ಅದೇ ಸಾಕು."

ಗುಮಾನಿ ಅಕ್ಕನ ಕಡೆ ನೋಡಿದ. ಅವಳ ಅಂಗಡಿ ಉಳಿಸಲು ಸಾಲು ಬೇಕು, ಗೆಳೆಯನ ಕೆಲಸ ಉಳಿಸಲು ಸಾಲು ಬೇಡ. ಪೆನ್ನಿನ ಮುಚ್ಚಳ ತೆಗೆದವನು ಹಾಗೇ ಕೂತ.

"ಮನೆ ತೆಗೆಯೋ ಆ ಆರ್ಡರು ಪೂರಾ ಓದಿದೀರಾ ಯಾರಾದ್ರೂ?" ಎಂದ ಆಪರೇಟರ್. "ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿದಾರೆ. ನಾನು ಓದಿಸಿದೆ, ನಿಮ್ಮಕ್ಕನ ಕೈಲೇ. ಮನೆಯವರು ಬಂದು ತಕರಾರು ಹೇಳಬಹುದು, ಹೇಳಿದೋರ ಮನೆ ಅಳತೆ ಮತ್ತೆ ಮಾಡ್ತೀವಿ ಅಂತ ಮೂರನೇ ಪುಟದಲ್ಲಿದೆ. ಫೋನಿನಲ್ಲಿ ಅದನ್ನ ನುಂಗಿಬಿಟ್ಟಿದಾರೆ."

ಅಕ್ಕ ರೀಮಿನಿಂದ ಎದ್ದಳು. "ಯಾರು ಬೇಕಾದ್ರೂ ಅಂದ್ಯಲ್ಲ," ಎಂದಳು ತಮ್ಮನಿಗೆ. "ಅದ್ರಲ್ಲಿ ನಾವಿಲ್ವಾ? ಅವರು ಅರ್ಧ ಹೇಳಿಸಿದಾರೆ. ಉಳಿದರ್ಧ ನೀನು ಹೇಳಿಸು. ಅದೇ ದನಿಯಲ್ಲಿ, ಅದೇ ಮನೆಗಳಿಗೆ."

ಕೆಲಸ ಕಷ್ಟದ್ದಲ್ಲ. ಮೂಲೆಮನೆಯವಳ ಬಾಗಿಲಿಗೆ ಅಕ್ಕ ತಾನೇ ಹೋದಳು. ಆರ್ಡರಿನ ಮೂರನೇ ಪುಟ ತೋರಿಸಿ, ಸಾಲಿನವರ ನಂಬರುಗಳನ್ನು ಅವಳ ಕೈಲೇ ಕೇಳಿ ತರಿಸಿದಳು. ಕಂಪ್ಯೂಟರಿನಿಂದ ಫೋನು ಮಾಡುವ ಪ್ರೋಗ್ರಾಂ ಗುಂಪಿನವರಲ್ಲಿತ್ತು. ಕನೆಕ್ಷನ್ ಒಂದು ಬೇಕಿತ್ತು, ಅದಕ್ಕೊಬ್ಬರ ಹೆಸರು ಬೇಕಿತ್ತು.

"ನನ್ನ ಹೆಸರಲ್ಲೇ ತಗೋ," ಎಂದಳು ಅಕ್ಕ.

"ಬೇಡ. ದನಿ ನಿಂದು ಹೋಗಿದೆ, ಹೆಸರು ನಂದು ಹೋಗಲಿ. ಯಾರು ಕಳಿಸಿದ್ದು ಅಂತ ಇಲಾಖೆಯವರು ಕೇಳಿಕೊಂಡು ಬಂದ್ರೆ ನನ್ನ ಹತ್ರ ಬರಲಿ."

ಫೋನ್ ಕಂಪನಿಯ ಕೌಂಟರಿನಲ್ಲಿ ಟೋಕನ್ ಹಿಡಿದು ಕೂತ. ಅಂಗಿಯ ಕಾಲರು ಸರಿಮಾಡಿಕೊಳ್ಳಲು ಕೈ ಎತ್ತಿದ. ಮತ್ತೆ, ಯಾರಿಗಾಗಿ ಇದೆಲ್ಲ ಎಂದು ಅದನ್ನು ಹಾಗೇ ಬಿಟ್ಟ. ಕೌಂಟರಿನ ಹುಡುಗಿ ಗುರುತಿನ ಚೀಟಿ ಕೇಳಿದಳು. ಕೊಟ್ಟ. ಹುಟ್ಟಿದ ತಾರೀಕು ಕೇಳಿದಳು, ಸರಿಯಾದದ್ದನ್ನೇ ಹೇಳಿದ. ಬೇರೆ ನಂಬರ್ ಇದೆಯಾ ಎಂದಳು. ಅಕ್ಕನದನ್ನು ಹೇಳಿದ, ಕೊನೆಯ ಅಂಕಿಯ ಹತ್ತಿರ ಬಂದು ಒಂದು ಗಳಿಗೆ ತಡೆದು, ಅದನ್ನೂ ಇದ್ದ ಹಾಗೇ ಹೇಳಿದ.

"ಇಲ್ಲಿ ನೋಡಿ ಸಾರ್. ಕನ್ನಡಕ ತೆಗೀರಿ. ಕಣ್ಣು ಮುಚ್ಚಬೇಡಿ."

ಗುಮಾನಿ ಕ್ಯಾಮೆರಾವನ್ನು ನೋಡಿದ. ಮೂರು ಸಲ ತೆಗೆಯಬೇಕಾಯಿತು. ಎರಡು ಸಲ ಕಣ್ಣು ತಾನಾಗಿ ಮುಚ್ಚಿಕೊಂಡಿತ್ತು.

ಮರುದಿನ ಕಾಲುವೆ ಸಾಲಿನ ಮನೆಗಳಲ್ಲಿ ಫೋನು ಹೊಡೆದುಕೊಂಡವು. ಅದೇ ದನಿ. "ಇದು ಕಂಪ್ಯೂಟರಿನ ದನಿ, ಟೈಲರಕ್ಕ ಖುದ್ದಾಗಿ ಮಾತಾಡುತ್ತಿಲ್ಲ. ಇದನ್ನು ಕಳಿಸಿದವನು ಅವಳ ತಮ್ಮ. ನಿಮ್ಮ ಮನೆಯ ಬಗ್ಗೆ ತಕರಾರು ಹೇಳಲು ಸೋಮವಾರದವರೆಗೆ ಅವಕಾಶವಿದೆ." ಎಲ್ಲಿಗೆ ಹೋಗಬೇಕು, ಯಾವ ಕಾಗದ ಒಯ್ಯಬೇಕು ಎಂದು ಹೇಳಿ, ಇನ್ನೊಮ್ಮೆ ಕೇಳಲು ಒಂದನ್ನು ಒತ್ತಿ ಎಂದು ಮುಗಿಯುತ್ತಿತ್ತು. ಬಹಳ ಮಂದಿ ಒಂದನ್ನು ಒತ್ತಿದರು.

ಸೋಮವಾರ ಸಾಲಿಗೆ ಸಾಲೇ ಕಚೇರಿಗೆ ಹೋಯಿತು. ಅಕ್ಕ ಅಂಗಡಿ ಮುಚ್ಚಿ ಜೊತೆಗೆ ಹೋದಳು. ಅಳತೆ ಮತ್ತೆ ಮಾಡಿದರು. ಕಾಲುವೆಗೆ ತೀರ ಅಂಟಿದ್ದ ಮೂರು ಮನೆ ಹೋದವು, ಉಳಿದವು ಉಳಿದವು. ಮೂಲೆಮನೆಯವಳ ಮುಂದಿನ ಜಗಲಿ ಹೋಯಿತು. ಅದಕ್ಕಾಗಿ ಅವಳು ಇಲಾಖೆಯನ್ನು ಬೈಯುತ್ತಲೇ, ಅದೇ ಚೀಲದಲ್ಲಿ ಅದೇ ಬಟ್ಟೆ ಹಿಡಿದುಕೊಂಡು ಅಂಗಡಿಗೆ ಬಂದಳು. ಮನೆ ಹೋದ ಮೂವರಲ್ಲಿ ಒಬ್ಬರು ಮತ್ತೆ ಬರಲಿಲ್ಲ. ಅವರ ಬಟ್ಟೆಯ ಅಳತೆಯನ್ನು ಅಕ್ಕ ಪುಸ್ತಕದಿಂದ ಇನ್ನೂ ಹೊಡೆದು ಹಾಕಿಲ್ಲ.

ಹೊಸ ಸಾಲು ಬರೆದಿದ್ದ ಕಾಗದವನ್ನು ಗುಮಾನಿ ಹರಿದು ರದ್ದಿಗೆ ಹಾಕಿದ. ದನಿ ಇವತ್ತಿಗೂ ಯಾರು ಬೇಕಾದರೂ ಬಳಸಬಹುದಾದದ್ದೇ. ಇಲಾಖೆಯವರೂ ಬಿಟ್ಟಿಲ್ಲ, ಈಗ ಬೀದಿಗಳಿಗೆ ನಲ್ಲಿ ನೀರು ಬಿಡುವ ಸರದಿಯನ್ನೂ ಅಕ್ಕನ ಬಾಯಲ್ಲೇ ಹೇಳಿಸುತ್ತಾರೆ.

ಪ್ರೆಸ್ಸಿನಲ್ಲಿ ಸುದ್ದಿ ತಿಳಿಯಲು ಹೊತ್ತಾಗಲಿಲ್ಲ. ಬೈಂಡಿಂಗಿನವನು ಅಂಟಿನ ಕುಂಚ ಹಿಡಿದುಕೊಂಡೇ ಬಂದ.

"ಏನೋ, ಫೋಟೋ ತೆಗೆಸ್ಕೊಂಡ್ಯಂತೆ?"

"ಹೂಂ."

"ಚೆನ್ನಾಗಿ ಬಂತಾ?"

"ಕೇಳಿದೆ. ತೋರಿಸಲ್ಲ ಅಂದ್ರು," ಎಂದ ಗುಮಾನಿ.