ಬಾಣಂತಿ ಕೋಣೆಯ ಹರಳು

ಹರಳು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಮೂಗಿಗೆ ಹರಳೆಣ್ಣೆಯ ವಾಸನೆ ಬಡಿಯುತ್ತದೆ. ಬೇಲಿಯ ಹರಳುಗಿಡ, ಮಗುವಿನ ನೆತ್ತಿಗೆ ತಟ್ಟುವ ಎಣ್ಣೆ, ದೇವರ ಮುಂದಿನ ಸಣ್ಣ ದೀಪ, ಇಷ್ಟೇ ನನ್ನ ಹರಳಿನ ಪಾಂಡಿತ್ಯ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳಿಂದ ನೀವು ಇದಕ್ಕಿಂತ ಹೆಚ್ಚು ಬಯಸಬಾರದು.

ಹಾಗಾಗಿ ಎಂ.ಎಸ್ಸಿ. ಓದುತ್ತಿದ್ದ ಮಗಳ ಮಗಳು ಶೈಲಾ ಬೇಸಿಗೆ ರಜೆಗೆ ಮಲ್ಲಂದೂರಿಗೆ ಬಂದು, "ಅಜ್ಜಿ, ಹರಳು ಬೆಳೆಸ್ಬೇಕು, ಜಾಗ ಕೊಡು" ಅಂದಾಗ ನಾನು ಹಿತ್ತಿಲ ಮೂಲೆಯಲ್ಲಿ ಗುಂಡಿಯನ್ನೇ ತೆಗೆಸಿಬಿಟ್ಟೆ. ಅವಳು ಚೀಲದಿಂದ ಗಾಜಿನ ಜಾಡಿ ತೆಗೆದಳು. ಉಪ್ಪಿನಂಥ ಪುಡಿಯನ್ನು ಇನ್ನು ಕರಗದು ಎನ್ನುವಷ್ಟು ನೀರಲ್ಲಿ ಕರಗಿಸಿ, ಸೋಸಿ, ಅದೇ ಪುಡಿಯ ಸಾಸಿವೆಯಷ್ಟು ಹರಳನ್ನು ಬೀಜವೆಂದು ದಾರದಲ್ಲಿ ಇಳಿಬಿಟ್ಟರೆ, ನೀರು ಮೆಲ್ಲಗೆ ಆರಿದ ಹಾಗೆ ಬೀಜ ಮೈ ತುಂಬಿಕೊಳ್ಳುತ್ತದಂತೆ. ಒಳಗೆ ಮಂಜಿಲ್ಲದ, ಬಿರುಕಿಲ್ಲದ ಒಂದೇ ತುಂಡು ಬೇಕು; ಅದರೊಳಗೆ ಒಂದು ಬಣ್ಣದ ಬೆಳಕು ಹೊಕ್ಕರೆ ಇನ್ನೊಂದು ಬಣ್ಣವಾಗಿ ಹೊರಬರುತ್ತದಂತೆ. ಕಾಲೇಜಿನಲ್ಲಿ ಫ್ಯಾನಿನ ಗಾಳಿಗೂ ಜನರ ಓಡಾಟದ ಅದುರುವಿಕೆಗೂ ಬೆಳೆಸಿದ್ದೆಲ್ಲ ಹಾಳಾಗಿತ್ತು. ರಜೆ ಮುಗಿಯುವುದರೊಳಗೆ ಒಂದು ತಿಳಿ ಹರಳು ಕೈಗೆ ಬಾರದಿದ್ದರೆ ಹುಡುಗಿ ಇನ್ನೊಂದು ವರ್ಷ ಅಲ್ಲೇ ಕೂರಬೇಕು.

ಗಾಳಿ ತಾಗಬಾರದು, ಅದುರಬಾರದು, ಸೆಕೆ ಚಳಿ ಏರಿಳಿಯಬಾರದು. "ಇದು ಹರಳಲ್ಲ ಮಾರಾಯ್ತಿ, ಬಾಣಂತಿ" ಎಂದು, ಅವಳ ತಾಯಿ ಹುಟ್ಟಿದ ಕತ್ತಲೆ ಕೋಣೆಯನ್ನೇ ಬಿಟ್ಟುಕೊಟ್ಟೆ.

ಕಷ್ಟವಾದದ್ದು ನನ್ನ ಕೈಗೆ. ಜೇನಿನಂತೆ ಹರಿಯಬೇಕಾದ ಜೋನಿಬೆಲ್ಲ ಹರಳುಗಟ್ಟಿದರೆ ಕೆಟ್ಟಿತು ಎನ್ನುವವರು ನಾವು. ಜೀವಮಾನವೆಲ್ಲ ಹರಳುಗಟ್ಟದಂತೆ ಸೌಟು ತಿರುವಿದವಳಿಗೆ, ತಿರುವದೆ ಕೂರುವ ಶಿಕ್ಷೆ. ಮಧ್ಯಾಹ್ನ ಗಾಜಿನ ಹೆಂಚಿನಿಂದ ಒಂದು ಬಿಲ್ಲೆ ಬೆಳಕು ಇಳಿದು, ನೆಲದ ಮೇಲೆ ಹರಿದು, ಜಾಡಿಯ ಅಂಚು ಮುಟ್ಟಿ, ಗೋಡೆ ಹತ್ತಿ ಹೋಗುತ್ತಿತ್ತು. ನಾನು ಹೊಸಿಲ ಮೇಲೆ ಕೂತು, ಅರ್ಧ ಎಚ್ಚರ, ಅರ್ಧ ತೂಕಡಿಕೆಯಲ್ಲಿ, ಬೀಜ ಬೆಳೆಯುವುದನ್ನು ಕಂಡೇ ಕಾಣುತ್ತೇನೆಂದು ಹಟ ಹಿಡಿದೆ. ಕಾಣಲಿಲ್ಲ. ಹೊಟ್ಟೆಯ ಕೂಸೂ ಹಾಗೆಯೇ. ಹೊತ್ತವಳಿಗೂ ಅದು ಬೆಳೆದ ಗಳಿಗೆ ತಿಳಿಯದು. ಆ ಕೋಣೆಯಲ್ಲಿ ನರಳಿದ್ದೇ ನೆನಪಿದ್ದ ನನಗೆ, ಅಲ್ಲಿ ಇಷ್ಟೊಂದು ನಿಶ್ಶಬ್ದವೂ ಇತ್ತೆನ್ನುವುದು ಹೊಸ ಸಂಗತಿ.

ಹೊರಗೆ ಊರಿಗೆ ಊರೇ ಹೂಮಳೆಗೆ ಕಾಯುತ್ತಿತ್ತು. ಆ ಮಳೆ ಬೀಳದೆ ಕಾಫಿ ಮೊಗ್ಗು ಬಾಯಿ ಬಿಡದು. ತೋಟ ನೋಡಿಕೊಳ್ಳುವ ನನ್ನ ಮಗ ಆಕಾಶ ನೋಡುತ್ತಿದ್ದ. ಶೈಲಾಳೂ ನೋಡುತ್ತಿದ್ದಳು, ಬಾರದಿರಲಿ ಎಂದು. ಒಮ್ಮೆಲೇ ತಂಪಾದರೆ ಜಾಡಿ ತುಂಬ ಪುಡಿಹರಳು ಎದ್ದು, ದೊಡ್ಡದು ಮಂಜಾಗಿಬಿಡುತ್ತದಂತೆ. "ನಿನ್ನ ಮೊಮ್ಮಗಳ ಕಾಟಕ್ಕೆ ಮೋಡಾನೂ ದೇವರಮನೆ ಗುಡ್ಡ ದಾಟ್ತಿಲ್ಲ" ಎಂದು ಮಗ ಗೊಣಗಿದ. ಎರಡೂ ಹರಕೆಯನ್ನು ನಾನೇ ದೇವರ ಮುಂದಿಟ್ಟೆ. ಪಾಪ, ದೇವರಿಗೂ ತಲೆ ಕೆಟ್ಟಿರಬೇಕು.

ಒಂದು ಸಂಜೆ ಮಳೆ ಗುಡುಗಿಕೊಂಡೇ ಬಂತು. ಮಗ ಅಂಗಳದಲ್ಲಿ ನಿಂತು ನೆನೆದ. ಶೈಲಾ ಗೋಡೆಗೆ ಒರಗಿ, "ಹೋಯ್ತು ಅಜ್ಜಿ" ಅಂದಳು.

ಅಳುವುದಕ್ಕೆ ಆಮೇಲೆ ಹೊತ್ತಿದೆ, ಕಿಟಕಿ ಮುಚ್ಚು ಅಂದೆ. ಜಾಡಿಗೆ ಕಂಬಳಿ ಸುತ್ತಿ, ಬಾಣಂತಿಗೆ ಇಡುವ ಹಾಗೆ ಕೆಂಡದ ಅಗ್ಗಿಷ್ಟಿಕೆ ತಂದಿಟ್ಟೆ. ಅವಳು ಥರ್ಮಾಮೀಟರ್ ನೋಡುತ್ತ ಅದನ್ನು ಗೇಣು ಆಚೆ, ಗೇಣು ಈಚೆ ಸರಿಸಿದಳು. ಮುಂದೆ ಮಾಡುವುದೇನೂ ಇರಲಿಲ್ಲ.

ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟ ದಿನ ದಾರ ಮೇಲೆತ್ತಿದಳು. ಹೆಬ್ಬೆರಳಿನ ಉಗುರಿನಷ್ಟು ಹರಳು. ಒಂದು ಮೂಲೆಗೆ ಮಾತ್ರ ಮಂಜು. ಅದನ್ನು ಕೊಯ್ದು ತೆಗೆದರೆ ಉಳಿದದ್ದು ಧಾರಾಳ ಸಾಕು ಎಂದು ಕಿಟಕಿಗೆ ಹಿಡಿದಳು. ಅದರ ಮೂಲಕ ನೋಡಿದರೆ ನನಗೆ ಕಂಡದ್ದು ಆಚೆಯ ಹೂ ಮಾತ್ರ; ನಡುವೆ ಹರಳಿದೆ ಎನ್ನುವುದೇ ಮರೆತುಹೋಗಿತ್ತು.

ಹತ್ತಿಯಲ್ಲಿ ಸುತ್ತಿ ಕುಂಕುಮದ ಡಬ್ಬಿಯಲ್ಲಿಟ್ಟು, ಚಿಕ್ಕಮಗಳೂರಿನ ತನಕ ಬಸ್ಸಿನಲ್ಲಿ ನಾನೇ ಮಡಿಲಲ್ಲಿ ಹಿಡಿದು ಕೂತೆ. ಪಕ್ಕದ ಸೀಟಿನ ಹೆಂಗಸು ಡಬ್ಬಿಯಲ್ಲೇನೆಂದು ಕೇಳಿದಳು.

"ಹರಳು."

"ಬಿತ್ತೋಕಾ, ಎಣ್ಣೆಗಾ?"

"ಬೆಳಕಿಗೆ."

"ಹೌದಲ್ಲ, ಮೊದ್ಲೆಲ್ಲ ಹರಳೆಣ್ಣೆ ದೀಪವೇ ಅಲ್ವಾ" ಎಂದು ಅವಳು ತಲೆದೂಗಿದಳು. ಶೈಲಾ ತಿದ್ದಲು ಬಾಯಿ ತೆರೆದಳು. ನಾನು ಅವಳ ತೊಡೆ ಚಿವುಟಿದೆ. ಆ ಹೆಂಗಸು ಹೇಳಿದ್ದರಲ್ಲಿ ತಪ್ಪೇನಿತ್ತು?